ದೇವರ ಬಗ್ಗೆ ಬಹಳ ಗೊತ್ತು, ಆದರೆ ದೇವರು ಗೊತ್ತಾ?

ಹುಡುಕಾಟ
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಕೊರೆಯುತ್ತಿರುವ ಪ್ರಶ್ನೆ ಇದು. ನಾನು ಹುಟ್ಟಿದ್ದೇ ಕ್ರೈಸ್ತ ಮನೆಯಲ್ಲಿ. ಸಂಡೇ ಸ್ಕೂಲ್, ವಚನ ಬಾಯಿಪಾಠ, ಯೂತ್ ಮೀಟಿಂಗ್, ಎಲ್ಲಾ ಆಗಿದೆ. ದೇವರ ಬಗ್ಗೆ ಪರೀಕ್ಷೆ ಇಟ್ಟರೆ ಪಾಸಾಗುತ್ತೇನೆ. ಆದರೆ ಪ್ರಾರ್ಥನೆಗೆ ಕೂತು "ಈಗ ನಾನು ಯಾರ ಜೊತೆ ಮಾತಾಡುತ್ತಿದ್ದೇನೆ?" ಎಂದು ಕೇಳಿಕೊಂಡರೆ ಉತ್ತರ ಹೊಳೆಯುವುದಿಲ್ಲ.

ಒಬ್ಬರ ಪ್ರಸಂಗದಲ್ಲಿ ದೇವರು ತಪ್ಪು ಎಣಿಸುತ್ತಾ ಕೂತಿರುವ ನ್ಯಾಯಾಧೀಶ. ಇನ್ನೊಬ್ಬರ ಪ್ರಸಂಗದಲ್ಲಿ ಕೇಳಿದ್ದೆಲ್ಲ ಕೊಡುವವನು. ಕೊಡದಿದ್ದರೆ ತಪ್ಪು ನಿನ್ನ ನಂಬಿಕೆಯದ್ದು. ಮತ್ತೊಬ್ಬರಿಗೆ ಏನನ್ನೂ ಕೇಳದ, ಎಲ್ಲದಕ್ಕೂ ಸರಿ ಎನ್ನುವ ಸ್ನೇಹಿತ. ಎಲ್ಲರೂ ಬೈಬಲ್ ತೆರೆದಿಟ್ಟುಕೊಂಡೇ ಮಾತಾಡುತ್ತಾರೆ.

ಇನ್ನೊಂದು ಮಾತು. ನಮ್ಮಪ್ಪ ತುಂಬಾ ಕಟ್ಟುನಿಟ್ಟು. ನಾನು ಪ್ರಾರ್ಥಿಸುವ ದೇವರಿಗೂ ಅಪ್ಪನ ಮುಖವೇ ಇದೆ ಎಂದು ಈಚೆಗೆ ಅನ್ನಿಸುತ್ತಿದೆ. ಹಾಗಾದರೆ ನಾನು ಆರಾಧಿಸುತ್ತಿರುವುದು ನಿಜವಾದ ದೇವರನ್ನೋ, ಮನಸ್ಸಿನಲ್ಲಿ ನಾನೇ ಬರೆದುಕೊಂಡ ಚಿತ್ರವನ್ನೋ? ಇದನ್ನು ತಿಳಿಯುವುದು ಹೇಗೆ? "ಪ್ರಾರ್ಥನೆ ಮಾಡಿ, ಎಲ್ಲಾ ಗೊತ್ತಾಗುತ್ತದೆ" ಎನ್ನುವ ಉತ್ತರ ಮಾತ್ರ ದಯವಿಟ್ಟು ಬೇಡ.

ಸಾಸಿವೆ ಕಾಳು
ಒಳ್ಳೆಯ ಪ್ರಶ್ನೆ ಬ್ರದರ್. ಎಷ್ಟೋ ಜನ ಇದನ್ನು ಕೇಳಲು ಹೆದರುತ್ತಾರೆ.

ಬೆರೋಯ
ಮೊದಲು ಬೈಬಲಿನ ವಿಮೋಚನಕಾಂಡ 32 ಓದಿ. ಮೋಶೆ ಬೆಟ್ಟದಿಂದ ಇಳಿಯಲು ತಡವಾದಾಗ ಇಸ್ರಾಯೇಲ್ಯರು ಬಂಗಾರದ ಕರು ಮಾಡಿಸಿ ಪೂಜಿಸಿದ ಕಥೆ ಎಲ್ಲರಿಗೂ ಗೊತ್ತು, ಆದರೆ 5ನೇ ವಚನವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಆ ಕರುವಿನ ಮುಂದೆ ನಿಂತು ಮೋಶೆಯ ಅಣ್ಣ ಆರೋನ "ನಾಳೆ ಯೆಹೋವನಿಗೆ ಹಬ್ಬ" ಎಂದು ಇಸ್ರಾಯೇಲ್ಯರ ದೇವರ ಹೆಸರನ್ನೇ ಸಾರುತ್ತಾನೆ. ಬೇರೆ ದೇವರ ಹೆಸರು ಹೇಳುವುದಿಲ್ಲ. ಹೆಸರು ಅದೇ ಇಟ್ಟುಕೊಂಡು ರೂಪ ಮಾತ್ರ ತಮಗೆ ಬೇಕಾದ ಹಾಗೆ ಮಾಡಿಕೊಂಡರು. ನಿಮ್ಮ ಭಯ ಬೈಬಲಿನದೇ ಭಯ. ಸರಿಯಾದ ಹೆಸರು ಕರೆದ ಮಾತ್ರಕ್ಕೆ ಸರಿಯಾದ ದೇವರ ಮುಂದೆ ನಿಂತಿದ್ದೇವೆ ಎಂದಲ್ಲ.

ಪ್ರಶ್ನಾರ್ಥಕ
ನಾನು ನಂಬುವವನಲ್ಲ, ಆದರೂ ಪ್ರಶ್ನೆ ಹಿಡಿಸಿತು, ಹಾಗಾಗಿ ಬರೆಯುತ್ತಿದ್ದೇನೆ. ಮನುಷ್ಯ ತನ್ನ ಆಸೆ, ಭಯ, ಒಳ್ಳೆಯತನ ಎಲ್ಲವನ್ನೂ ದೊಡ್ಡದು ಮಾಡಿ ಆಕಾಶದಲ್ಲಿ ಇಟ್ಟು ಅದಕ್ಕೇ ಕೈಮುಗಿಯುತ್ತಾನೆ ಎಂಬ ಅರ್ಥದ ಮಾತನ್ನು ಜರ್ಮನ್ ತತ್ವಜ್ಞಾನಿ ಫ್ಯೂಯರ್‌ಬಾಖ್ 1841ರಲ್ಲೇ ಬರೆದ. ನಿಮ್ಮ ಅಪ್ಪನ ಮುಖದ ಮಾತು ಅದಕ್ಕೆ ಸರಿಯಾಗಿ ಹೊಂದುತ್ತದೆ. ಅದು ನಿಮ್ಮದೇ ಚಿತ್ರ ಎಂದು ಒಪ್ಪಿಕೊಂಡು ಅಲ್ಲಿಗೇ ಬಿಡಬಹುದಲ್ಲ?

ಸಾಸಿವೆ ಕಾಳು
@ಪ್ರಶ್ನಾರ್ಥಕ ನಾನೇ ದೇವರನ್ನು ಮಾಡಿಕೊಳ್ಳುವುದಾದರೆ "ನಿನ್ನ ವೈರಿಯನ್ನು ಪ್ರೀತಿಸು" ಎನ್ನುವ ದೇವರನ್ನು ಯಾಕೆ ಮಾಡಿಕೊಳ್ಳಲಿ? ನನಗೆ ಅನುಕೂಲವಾದವನನ್ನೇ ಮಾಡಿಕೊಳ್ಳುತ್ತಿದ್ದೆ. ಇವನು ನನ್ನ ಮಾತಿಗೆ ಎದುರು ಮಾತಾಡುತ್ತಾನೆ.

ಪ್ರಶ್ನಾರ್ಥಕ
ಎದುರು ಮಾತಾಡಿದ ಮಾತ್ರಕ್ಕೆ ಇದ್ದಾನೆ ಎಂದಾಗುವುದಿಲ್ಲ. ನನ್ನ ಮನಸ್ಸಾಕ್ಷಿಯೂ ಎದುರು ಮಾತಾಡುತ್ತದೆ.

ಬೆರೋಯ
ಒಪ್ಪುತ್ತೇನೆ, ಅದು ಪುರಾವೆ ಅಲ್ಲ. ಆದರೆ ಇಲ್ಲಿ ಅವರು ಕೇಳಿದ್ದು ದೇವರು ಇದ್ದಾನಾ ಎಂದಲ್ಲ. ಇರುವ ದೇವರು ಎಂಥವನು ಎಂದು. ಎರಡೂ ಬೇರೆ ಪ್ರಶ್ನೆ.

ಸಂಜೆ ಗಾಳಿ
ನನ್ನ ಅಭಿಪ್ರಾಯ ಸರಳ. ಬೈಬಲಿನಲ್ಲಿ ಯೇಸುವಿಗೆ ಮುಂಚಿನ ಭಾಗವಾದ ಹಳೇ ಒಡಂಬಡಿಕೆಯ ದೇವರು ಕೋಪದ ದೇವರು, ಯೇಸು ತೋರಿಸಿದ್ದು ಪ್ರೀತಿಯ ದೇವರು. ಹೊಸ ಒಡಂಬಡಿಕೆ ಮಾತ್ರ ಓದಿ, ನಿಮ್ಮ ಅಪ್ಪನ ಮುಖ ತಾನಾಗಿ ಹೋಗುತ್ತದೆ.

ಬೆರೋಯ
@ಸಂಜೆ ಗಾಳಿ ಅಕ್ಕ, ಇದು ಹೊಸ ಮಾತಲ್ಲ. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎನ್ನುವವನು ಇದನ್ನೇ ಹೇಳಿದ. ಹಳೇ ಒಡಂಬಡಿಕೆಯನ್ನು ಪೂರ್ತಿ ಬಿಟ್ಟ. ಯೇಸುವಿನ ಜೀವನ ಹೇಳುವ ಲೂಕನ ಸುವಾರ್ತೆಯನ್ನೂ ತನಗೆ ಬೇಕಾದಷ್ಟೇ ಉಳಿಸಿಕೊಂಡ, ಜೊತೆಗೆ ಪೌಲನ 10 ಪತ್ರ. ಸುಮಾರು 144ರಲ್ಲಿ ರೋಮಿನ ಕ್ರೈಸ್ತ ಸಭೆ ಅವನನ್ನು ಹೊರಗಿಟ್ಟಿತು.

ಇನ್ನು ಹಳೇ ಒಡಂಬಡಿಕೆಯ ದೇವರ ವಿಷಯ. ಮೋಶೆ "ನಿನ್ನ ಮಹಿಮೆ ತೋರಿಸು" ಎಂದು ಬೇಡಿಕೊಂಡಾಗ ದೇವರು ತನ್ನ ಬಗ್ಗೆ ತಾನೇ ಹೇಳಿಕೊಂಡ ಮೊದಲ ಮಾತು ಏನು? ಕನಿಕರ, ದಯೆ, ಬೇಗ ಕೋಪ ಮಾಡಿಕೊಳ್ಳದವನು, ಪ್ರೀತಿ ತುಂಬಿದವನು. ವಿಮೋಚನಕಾಂಡ 34:6. ಅಪರಾಧವನ್ನು ಹಾಗೇ ಬಿಟ್ಟುಬಿಡುವವನಲ್ಲ ಎನ್ನುವುದು ಅದರ ನಂತರದ ವಚನ. ಎರಡೂ ಇದೆ, ಆದರೆ ಮೊದಲು ಬಂದದ್ದು ಕನಿಕರ. ಇಸ್ರಾಯೇಲ್ಯರು ಈ ಮಾತನ್ನು ಮರೆಯಲೇ ಇಲ್ಲ. ಬೈಬಲಿನ ಹಾಡುಗಳಾದ ಕೀರ್ತನೆಗಳಲ್ಲಿ 103ನೆಯದರಲ್ಲಿದೆ, ಯೋವೇಲನಲ್ಲಿದೆ, ನೆಹೆಮೀಯನಲ್ಲಿದೆ. ಶತ್ರುಗಳ ಊರು ನಿನೆವೆಗೆ ಹೋಗಿ ಸಾರು ಎಂದು ದೇವರು ಕಳಿಸಿದ ಪ್ರವಾದಿ ಯೋನನಂತೂ ಇದೇ ಮಾತನ್ನು ಹಿಡಿದು ದೇವರ ಮೇಲೆ ಜಗಳಕ್ಕೆ ಹೋಗುತ್ತಾನೆ. "ನೀನು ಇಷ್ಟು ದಯೆಯವನು ಎಂದು ಗೊತ್ತಿತ್ತು, ಅದಕ್ಕೇ ನಿನೆವೆಗೆ ಹೋಗಲು ಒಪ್ಪಲಿಲ್ಲ" ಎನ್ನುವುದೇ ಅವನ ತಕರಾರು. ದೇವರು ಕೋಪದವನು ಎಂಬ ದೂರಲ್ಲ, ಸಾಕಷ್ಟು ಕೋಪ ಮಾಡಿಕೊಳ್ಳುವುದಿಲ್ಲ ಎಂಬ ದೂರು!

ಸಂಜೆ ಗಾಳಿ
ಯೋನನ ವಿಷಯ ಸರಿ. ಆದರೆ ದೇವರ ಅಪ್ಪಣೆ ಎಂದು ಇಸ್ರಾಯೇಲ್ಯರು ಕಾನಾನಿನ ಊರೂರುಗಳನ್ನೇ ನಾಶ ಮಾಡುವ, ಯೆಹೋಶುವನ ಪುಸ್ತಕದ ಯುದ್ಧಗಳು? ಅದಕ್ಕೆ ಏನು ಹೇಳುತ್ತೀರಿ? ಅವನ್ನು ಓದುವಾಗ ನನಗೆ ಹೊಟ್ಟೆ ತೊಳಸುತ್ತದೆ. ಮಾರ್ಸಿಯನ್ ಹೆಸರು ಹೇಳಿದ ಮಾತ್ರಕ್ಕೆ ಆ ಪುಟಗಳು ಹಗುರ ಆಗುವುದಿಲ್ಲ.

ಬೆರೋಯ
ಹಗುರ ಆಗುವುದಿಲ್ಲ, ನಿಜ. ಆಗಬಾರದು ಕೂಡ. ಮೂರನೇ ಶತಮಾನದಲ್ಲಿ ಕ್ರೈಸ್ತ ಪಂಡಿತ ಒರಿಗೆನ್ ಆ ಯುದ್ಧಗಳನ್ನು ಮನುಷ್ಯನ ಒಳಗಿನ ಪಾಪದ ಜೊತೆಗಿನ ಹೋರಾಟ ಎಂದು ಓದಿದ. ಬೇರೆಯವರು ಬೇರೆ ರೀತಿ ಓದಿದ್ದಾರೆ. ಯಾವುದೂ ನನಗೆ ಪೂರ್ತಿ ಸಮಾಧಾನ ಕೊಟ್ಟಿಲ್ಲ. ಆದರೆ ಕಷ್ಟದ ಪುಟಗಳನ್ನು ಹರಿದು ಎಸೆದರೆ ಉಳಿಯುವುದು ಮತ್ತೆ ನನಗೆ ಬೇಕಾದ ದೇವರೇ ಅಲ್ವಾ? ಯೇಸುವೇ ಆ ಪುಸ್ತಕಗಳನ್ನು ಓದಿ ಬೆಳೆದವನು. ಶಿಲುಬೆಯ ಮೇಲೆ ಅವನ ಬಾಯಿಂದ ಬಂದದ್ದೂ 22ನೇ ಕೀರ್ತನೆಯೇ.

ಜಪಮಾಲೆ
ಕಥೋಲಿಕ ಕಡೆಯಿಂದ ಒಂದು ಮಾತು. ಯೇಸುವಿನ ಶಿಷ್ಯ ಫಿಲಿಪ್ಪ ಕೇಳಿದ್ದೂ ನಿಮ್ಮ ಪ್ರಶ್ನೆಯನ್ನೇ. "ಸ್ವಾಮೀ, ನಮಗೆ ತಂದೆಯನ್ನು ತೋರಿಸಿ, ಅಷ್ಟು ಸಾಕು." ಯೇಸುಸ್ವಾಮಿ ಕೊಟ್ಟ ಉತ್ತರ: ನನ್ನನ್ನು ನೋಡಿದವನು ತಂದೆಯನ್ನೇ ನೋಡಿದ್ದಾನೆ. ಇದು ಯೋಹಾನನ ಸುವಾರ್ತೆ 14ನೇ ಅಧ್ಯಾಯ.

ಈ ವಚನವನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದನ್ನು ಹೇಳಿದ್ದು ಯಾವ ರಾತ್ರಿ ಎಂದು ನೋಡಿ. ಹಿಂದಿನ ಅಧ್ಯಾಯದಲ್ಲಿ ಅವರು ಊಟದಿಂದ ಎದ್ದಿದ್ದಾರೆ. ಮೇಲುಡುಪು ತೆಗೆದಿಟ್ಟಿದ್ದಾರೆ. ಸೊಂಟಕ್ಕೆ ಒಂದು ಬಟ್ಟೆ ಸುತ್ತಿಕೊಂಡಿದ್ದಾರೆ. ಬೋಗುಣಿಗೆ ನೀರು ಹಾಕಿ ಶಿಷ್ಯರ ಕಾಲು ಒಂದೊಂದಾಗಿ ತೊಳೆದು, ಆ ಬಟ್ಟೆಯಿಂದಲೇ ಒರೆಸಿದ್ದಾರೆ. ಪೇತ್ರನಿಗೆ ಅದು ಸಹಿಸಲಾಗುವುದಿಲ್ಲ. "ನನ್ನ ಕಾಲನ್ನು ನೀವು ಎಂದಿಗೂ ತೊಳೆಯಕೂಡದು" ಎನ್ನುತ್ತಾನೆ. ಅವನ ಮನಸ್ಸಿನಲ್ಲಿದ್ದ ಪ್ರಭುವಿನ ಚಿತ್ರಕ್ಕೆ ಇದು ಹೊಂದಲಿಲ್ಲ. ಇನ್ನೂ ಒಂದು ಇದೆ. ಯೂದ ಎದ್ದು ಹೊರಗೆ ಹೋಗಿದ್ದು ಕಾಲು ತೊಳೆದ ಮೇಲೆ. ಹಿಡಿದುಕೊಡುವವನ ಕಾಲನ್ನೂ ಆ ಕೈಗಳೇ ತೊಳೆದವು.

ಇದಾದ ಸ್ವಲ್ಪ ಹೊತ್ತಿಗೇ ಫಿಲಿಪ್ಪನ ಪ್ರಶ್ನೆ ಬರುವುದು. ತಂದೆ ಹೇಗಿದ್ದಾರೆ ಎಂದು ಈಗ ತಾನೇ ತೋರಿಸಿದೆನಲ್ಲ ಎನ್ನುವುದು ಉತ್ತರ. ನಿಮ್ಮ ತಂದೆಯ ಮುಖ ಅಡ್ಡ ಬಂದಾಗ ಈ ರಾತ್ರಿಯನ್ನು ನೆನೆಯಿರಿ.

ಹುಡುಕಾಟ
@ಜಪಮಾಲೆ ಯೂದನ ಕಾಲಿನ ವಿಷಯ ನಾನು ಎಂದೂ ಯೋಚಿಸಿರಲಿಲ್ಲ. ಅಪ್ಪನ ಹತ್ತಿರ ತಪ್ಪು ಸಿಕ್ಕಿಬಿದ್ದ ದಿನ ಊಟಕ್ಕೂ ಕೂರಿಸುತ್ತಿರಲಿಲ್ಲ.

ಪ್ರಶ್ನಾರ್ಥಕ
ಒಪ್ಪಿದೆ, ಚೆನ್ನಾಗಿದೆ. ಆದರೆ ಯೇಸು ದೇವರು ಎನ್ನುವುದೇ 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕೂಡಿಸಿದ ಸಭೆಯಲ್ಲಿ ಮತ ಹಾಕಿ ತೀರ್ಮಾನ ಮಾಡಿದ್ದಲ್ಲವೇ?

ಹಳೇ ಗಂಟೆ
ಇದನ್ನು ಎಷ್ಟು ಸಲ ಕೇಳಿದ್ದೇನೋ. ನೀವು ಹೇಳುವ 325ರ ನೈಸಿಯಾದ ಸಭೆ ಕರೆದದ್ದು ಚಕ್ರವರ್ತಿಯೇ, ನಿಜ. ಆದರೆ ಅಲ್ಲಿ ಜಗಳ ಅರಿಯಸ್ ಎನ್ನುವ ಅಲೆಕ್ಸಾಂಡ್ರಿಯದ ಗುರುವಿನ ಬೋಧನೆಯ ಮೇಲೆ. ಮಗನು, ಅಂದರೆ ಯೇಸು, ಎಲ್ಲಕ್ಕಿಂತ ದೊಡ್ಡವನು, ಆದರೂ ತಂದೆ ಸೃಷ್ಟಿಸಿದವನೇ, ಅವನು ಇಲ್ಲದಿದ್ದ ಕಾಲವೊಂದಿತ್ತು ಎನ್ನುವುದು ಅವನ ವಾದ. ಅದಕ್ಕೆ ಮುಂಚೆ ಕ್ರೈಸ್ತರು ಯೇಸುವನ್ನು ಆರಾಧಿಸುತ್ತಿರಲಿಲ್ಲ ಎಂದಲ್ಲ. ಸುಮಾರು 112ರಲ್ಲಿ ರೋಮಿನ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲೇ, ಈ ಜನ ಬೆಳಗಾಗುವ ಮುಂಚೆ ಸೇರಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ ಎಂದಿದೆ. ಅವನು ಕ್ರೈಸ್ತನಲ್ಲ, ಅವರನ್ನು ವಿಚಾರಣೆ ಮಾಡುತ್ತಿದ್ದವನು.

ಚಕ್ರವರ್ತಿಯ ಇಚ್ಛೆಯೇ ನಡೆದಿದ್ದರೆ ಮುಂದಿನ ಕಥೆ ಬೇರೆ ಆಗಬೇಕಿತ್ತು. 337ರಲ್ಲಿ ಸಾಯುವ ಮುನ್ನ ಕಾನ್‌ಸ್ಟಂಟೈನ್‌ಗೆ ದೀಕ್ಷಾಸ್ನಾನ ಕೊಟ್ಟ ಬಿಷಪ್ ಅರಿಯಸ್ ಪರ ಇದ್ದವರು. ಅವನ ಮಗ ಕಾನ್‌ಸ್ಟಾಂಟಿಯಸ್ ಕೂಡ ಅದೇ ಪಕ್ಷ. ಮಗನೂ ತಂದೆಯ ಹಾಗೇ ದೇವರು ಎನ್ನುವ ನೈಸಿಯಾದ ನಂಬಿಕೆ ಬಿಡದ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್‌ನನ್ನು 5 ಸಲ ಗಡಿಪಾರು ಮಾಡಿದರು. ಅರಮನೆ ಎದುರು ನಿಂತರೂ ಆ ನಂಬಿಕೆ ಉಳಿಯಿತು.

ಹುಡುಕಾಟ ಅವರ ಪ್ರಶ್ನೆಗೂ ಇದಕ್ಕೂ ಏನು ಸಂಬಂಧ ಎಂದರೆ, ಅರಿಯಸ್ ಹೇಳಿದ್ದೇ ನಿಜ ಆಗಿದ್ದರೆ ಕಾಲು ತೊಳೆದವನು ದೇವರ ಒಬ್ಬ ದೂತ ಅಷ್ಟೇ. ಅವನ ಹಿಂದೆ ದೇವರು ಬೇರೆಯೇ ಥರ ಇರಬಹುದು. ಆಗ ನಿಮ್ಮ ಭಯ ಎಂದಿಗೂ ತೀರುವುದಿಲ್ಲ.

ಸಾಸಿವೆ ಕಾಳು
ಇದು ಬಹಳ ಮುಖ್ಯ ಮಾತು ಅಣ್ಣ. ಯೇಸುವಿನ ಬೆನ್ನ ಹಿಂದೆ ಬೇರೆ ಮುಖದ ದೇವರಿಲ್ಲ.

ಗಾಯನವೃಂದ
ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎನ್ನುವ ತ್ರಿಯೇಕದ ಮಾತು ಬಂದಿದ್ದರಿಂದ ಹೇಳುತ್ತೇನೆ. ನಾನು ಮಕ್ಕಳಿಗೆ ಕಲಿಸುವುದು ನೀರಿನ ಹೋಲಿಕೆ. ನೀರು, ಮಂಜುಗಡ್ಡೆ, ಆವಿ. ಮೂರೂ ಒಂದೇ. ಸುಲಭ ಅಲ್ವಾ?

ಬೆರೋಯ
ಸುಲಭ, ಆದರೆ ತಪ್ಪು. ಅದೇ ನೀರು ಒಂದು ಸಲ ಗಡ್ಡೆ, ಒಂದು ಸಲ ಆವಿ. ಅಂದರೆ ಒಬ್ಬನೇ ದೇವರು ವೇಷ ಬದಲಿಸುತ್ತಾನೆ ಎಂದಾಯಿತು. ಮೂರನೇ ಶತಮಾನದ ಆರಂಭದಲ್ಲಿ ಸಬೆಲ್ಲಿಯಸ್ ಕಲಿಸಿದ್ದು ಇಂಥದ್ದೇ, ಸಭೆ ಒಪ್ಪಲಿಲ್ಲ. ಯೇಸುವಿನ ದೀಕ್ಷಾಸ್ನಾನ ನೋಡಿ. ಮಗನು ನೀರಿನಲ್ಲಿ, ಆತ್ಮ ಪಾರಿವಾಳದ ಹಾಗೆ ಇಳಿಯುತ್ತಿದ್ದಾನೆ, ತಂದೆಯ ಧ್ವನಿ ಮೇಲಿನಿಂದ. ಮೂವರೂ ಒಂದೇ ಹೊತ್ತಿನಲ್ಲಿ.

ಗಾಯನವೃಂದ
ಏಳು ವರ್ಷದ ಮಗುವಿಗೆ ಸಬೆಲ್ಲಿಯಸ್ ಕಥೆ ಹೇಳಲಾ? ಮಕ್ಕಳಿಗೆ ಏನಾದರೂ ಒಂದು ಹಿಡಿ ಬೇಕಲ್ಲ.

ಬೆರೋಯ
ಆ ದೀಕ್ಷಾಸ್ನಾನದ ಕಥೆಯನ್ನೇ ಹೇಳಿ. ಮಕ್ಕಳಿಗೆ ಕಥೆ ಸಾಕು. ಹೋಲಿಕೆ ಬೇಕಾಗುವುದು ನಮ್ಮಂಥ ದೊಡ್ಡವರಿಗೆ.

ಗಾಯನವೃಂದ
ಸರಿ, ಪ್ರಯತ್ನಿಸುತ್ತೇನೆ. ಅದಿರಲಿ, ನಮ್ಮ ಹೊಸ ಹಾಡುಗಳಲ್ಲೂ ಇದೇ ಸಮಸ್ಯೆ. "ನಾನು, ನನಗೆ, ನನ್ನ" ಜಾಸ್ತಿ. ದೇವರು ಏನು ಮಾಡಿದ, ಅವನು ಎಂಥವನು ಎನ್ನುವ ಸಾಲು ಹುಡುಕಬೇಕು. ಜನರಿಗೆ ಪ್ರಸಂಗ ಮರೆಯುತ್ತದೆ, ಹಾಡು ಬಾಯಲ್ಲಿ ಉಳಿಯುತ್ತದೆ. ಅವರ ಮನಸ್ಸಿನ ದೇವರನ್ನು ಮಾಡುತ್ತಿರುವುದು ಹಾಡು ಆರಿಸುವ ನಾವೇ.

ಸಂಜೆ ಗಾಳಿ
ಕೀರ್ತನೆಗಳಲ್ಲೂ "ನಾನು" ಬೇಕಾದಷ್ಟಿದೆ.

ಗಾಯನವೃಂದ
ಇದೆ. ಆದರೆ ಅಲ್ಲಿ "ನಾನು" ಅಳುತ್ತಾನೆ, ಬೈಯುತ್ತಾನೆ, ಪ್ರಶ್ನೆ ಕೇಳುತ್ತಾನೆ. ನಮ್ಮ ಹಾಡುಗಳ "ನಾನು" ಯಾವಾಗಲೂ ಗೆದ್ದವನೇ.

ನಿರ್ವಾಹಕ
ಹಾಡಿನ ಚರ್ಚೆಗೆ ಬೇರೆ ಎಳೆ ತೆರೆಯೋಣ. ಇಲ್ಲಿ ಮೂಲ ಪ್ರಶ್ನೆಗೆ ಬನ್ನಿ.

ವಾರ್ಡ್ ಸಿಸ್ಟರ್
ಹಾಡಿನ ಮಾತಿನಿಂದಲೇ ನನ್ನ ಮಾತು ಶುರು ಮಾಡುತ್ತೇನೆ, ನಿರ್ವಾಹಕರು ಕ್ಷಮಿಸಬೇಕು.

ನಾನು ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್. ಒಬ್ಬ ತಾಯಿ ಇದ್ದರು, ಕೊನೆಯ ಹಂತ. ಅವರ ಸಭೆಯವರು ಬಂದು ಪ್ರಾರ್ಥಿಸಿ ಹೋಗುವಾಗ "ನೀವು ಪೂರ್ತಿ ನಂಬಿದರೆ ಏಳುತ್ತೀರಿ" ಎಂದು ಹೇಳಿ ಹೋದರು. ಅವತ್ತು ರಾತ್ರಿ ಅವರು ನನ್ನ ಕೈ ಹಿಡಿದು ಕೇಳಿದ್ದು ನೋವಿನ ಔಷಧಿಯನ್ನಲ್ಲ. "ನಾನು ಎಲ್ಲಿ ಕಡಿಮೆ ನಂಬಿದೆ ಸಿಸ್ಟರ್?" ಎಂದು ಕೇಳಿದರು. ಸಾಯುವ ಹೊತ್ತಿನಲ್ಲಿ ಆ ಲೆಕ್ಕ ಹಾಕುತ್ತಾ ಮಲಗಿದ್ದರು.

ಅವರ ಬೈಬಲ್ ಪಕ್ಕದಲ್ಲೇ ಇತ್ತು. ನಾನು 88ನೇ ಕೀರ್ತನೆ ಓದಿದೆ. ಯಾಕೆ ನನ್ನನ್ನು ತಳ್ಳಿಬಿಟ್ಟೆ, ಯಾಕೆ ಮುಖ ಮರೆ ಮಾಡಿದೆ ಎಂದು ದೇವರನ್ನೇ ಕೇಳುವ ಕೀರ್ತನೆ. ಬೇರೆ ಕೀರ್ತನೆಗಳ ಹಾಗೆ ಕೊನೆಗೆ ಸ್ತೋತ್ರಕ್ಕೆ ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅವರು ಕಣ್ಣು ಬಿಟ್ಟು "ಇದೂ ಬೈಬಲಿನಲ್ಲೇ ಇದೆಯಾ?" ಎಂದರು. ಇದೆ ಎಂದೆ. "ಇನ್ನೊಂದು ಸಲ ಓದಿ" ಎಂದರು.

ಕೊಡುವುದಕ್ಕಷ್ಟೇ ಇರುವ ದೇವರನ್ನು ಸಾರುವವರು ಆ ಹಾಸಿಗೆಯ ಪಕ್ಕ ಒಂದು ರಾತ್ರಿ ಕೂರಬೇಕು. ಗಾಯದ ಮೇಲೆ ಬರೆ ಎಳೆದು ಅದಕ್ಕೆ ನಂಬಿಕೆ ಎಂದು ಹೆಸರಿಡಬಾರದು.

ಸಾಸಿವೆ ಕಾಳು
ಸಿಸ್ಟರ್, ಓದಿ ಮಾತೇ ಹೊರಡಲಿಲ್ಲ. ಆದರೆ ದೇವರು ಗುಣಪಡಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಹೇಳಬಾರದು ಎಂದಾಗಬಾರದು.

ವಾರ್ಡ್ ಸಿಸ್ಟರ್
ಹೇಳಿ ತಮ್ಮಾ, ಸಂತೋಷ. ನಾನೂ ಗುಣಕ್ಕಾಗಿ ಪ್ರಾರ್ಥಿಸುತ್ತೇನೆ. ಆದರೆ ಗುಣವಾಗದವರ ಮೇಲೆ ಅಪರಾಧ ಹೊರಿಸಬೇಡಿ. ಬೈಬಲಿನಲ್ಲಿ ತಪ್ಪಿಲ್ಲದೆಯೂ ಎಲ್ಲ ಕಳೆದುಕೊಂಡು ನರಳಿದ ಯೋಬನ ಸ್ನೇಹಿತರು ಮಾಡಿದ್ದು ಅದನ್ನೇ. ನಿನ್ನಲ್ಲಿ ಎಲ್ಲೋ ಪಾಪ ಇದೆ ಎಂದು ದೇವರ ಪರವಾಗಿ ವಾದ ಮಾಡಿದರು. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರು ಕೋಪಿಸಿಕೊಂಡದ್ದು ಅವರ ಮೇಲೆ. ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಎಂದ.

ಹಳೇ ಗಂಟೆ
ಅದೂ ಯೋಬ ದೇವರನ್ನು ಅಷ್ಟೆಲ್ಲ ಪ್ರಶ್ನೆ ಮಾಡಿದ ಮೇಲೆ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಜನ ಗಾಬರಿಯಾದರು. ದಶಕಗಳ ಕಾಲ ದೇವರು ಹತ್ತಿರ ಇದ್ದಾನೆ ಎನ್ನುವ ಅನುಭವವೇ ಅವರಿಗಿರಲಿಲ್ಲ. ಆದರೂ ದಿನಾ ಎದ್ದು ಪ್ರಾರ್ಥಿಸಿದರು, ಸಾಯುತ್ತಿರುವವರ ಹತ್ತಿರ ಹೋದರು. ಅನ್ನಿಸುವುದು ಒಂದು, ತಿಳಿಯುವುದು ಇನ್ನೊಂದು.

ಪ್ರಶ್ನಾರ್ಥಕ
ಹಾಗಾದರೆ ಅನುಭವಕ್ಕೆ ಬೆಲೆಯೇ ಇಲ್ಲವೇ? ಅನುಭವ ಇದ್ದರೆ ದೇವರು ಇದ್ದಾನೆ, ಇಲ್ಲದಿದ್ದರೂ ಇದ್ದಾನೆ ಎಂದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯಿತು.

ಹಳೇ ಗಂಟೆ
ಬೆಲೆ ಇದೆ. ಪಾಸ್ಕಲ್ ಗೊತ್ತಲ್ಲ, ಗಣಿತದವನು. 1654ರ ನವೆಂಬರ್ 23ರ ರಾತ್ರಿ ಅವನಿಗೆ ಏನೋ ಆಯಿತು. ಸುಮಾರು ಎರಡು ಗಂಟೆ. ಒಂದು ಹಾಳೆಯಲ್ಲಿ ಬರೆದುಕೊಂಡ: ಬೆಂಕಿ, ಅಬ್ರಹಾಮನ ದೇವರು, ಇಸಾಕನ ದೇವರು, ಯಾಕೋಬನ ದೇವರು, ತತ್ವಜ್ಞಾನಿಗಳ ದೇವರಲ್ಲ. ಯಾರಿಗೂ ಹೇಳದೆ ಕೋಟಿನ ಒಳಗೆ ಹೊಲಿದುಕೊಂಡ. 1662ರಲ್ಲಿ ಸತ್ತ ಮೇಲೆ ಸಿಕ್ಕಿತು. ಅಂಥ ತಲೆ ಇದ್ದವನಿಗೂ ವಾದ ಸಾಕಾಗಲಿಲ್ಲ. ಆದರೆ ಅಂಥ ರಾತ್ರಿ ಎಲ್ಲರಿಗೂ ಬರುವುದಿಲ್ಲ. ಬರದವರಿಗೆ ದೇವರು ಗೊತ್ತಿಲ್ಲ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಹುಡುಕಾಟ
ಎಲ್ಲವನ್ನೂ ಓದುತ್ತಿದ್ದೇನೆ. ಸಿಸ್ಟರ್ ಬರೆದದ್ದನ್ನು ಎರಡು ಸಲ ಓದಿದೆ. ಆದರೂ ಒಂದು ಉಳಿದಿದೆ. ಯೇಸುವನ್ನು ನೋಡಿದರೆ ಸಾಕು ಎನ್ನುತ್ತೀರಿ. ನಾನು ನೋಡುವ ಯೇಸುವೂ ನನ್ನ ಕಲ್ಪನೆಯವನೇ ಆಗಬಹುದಲ್ಲ? ಸರಿಯಾಗಿ ತಿಳಿದಿದ್ದೇನೆ ಎನ್ನುವುದಕ್ಕೆ ಗುರುತೇನು?

ಬೆರೋಯ
ಯೆರೆಮೀಯ 22 ತೆಗೆಯಿರಿ. ನನ್ನ ಮಟ್ಟಿಗೆ ಈ ಇಡೀ ಚರ್ಚೆಗೆ ಇದೇ ಉತ್ತರ.

ರಾಜ ಯೆಹೋಯಾಕೀಮ ಅರಮನೆ ಕಟ್ಟಿಸುತ್ತಿದ್ದಾನೆ. ವಿಶಾಲವಾದ ಮೇಲುಪ್ಪರಿಗೆ, ದೊಡ್ಡ ಕಿಟಕಿಗಳು, ದೇವದಾರು ಹಲಗೆ, ಅದಕ್ಕೆ ಕೆಂಪು ಬಣ್ಣ. ಕೆಲಸದವರಿಗೆ ಮಾತ್ರ ಕೂಲಿ ಕೊಟ್ಟಿಲ್ಲ. ಪ್ರವಾದಿ ಅವನಿಗೆ ಅವನ ಅಪ್ಪ ಯೋಷೀಯನನ್ನು ನೆನಪಿಸುತ್ತಾನೆ. ನಿನ್ನ ಅಪ್ಪನೂ ಉಂಡ, ಕುಡಿದ, ಆದರೆ ನ್ಯಾಯ ನಡೆಸಿದ, ದಿಕ್ಕಿಲ್ಲದವರ, ಬಡವರ ವ್ಯಾಜ್ಯ ನೋಡಿಕೊಂಡ. ಆಮೇಲೆ ದೇವರ ಪ್ರಶ್ನೆ: ನನ್ನನ್ನು ತಿಳಿಯುವುದು ಅಂದರೆ ಇದೇ ಅಲ್ಲವೇ?

ದೇವರನ್ನು ಬಲ್ಲೆ ಎನ್ನುವುದಕ್ಕೆ ಗುರುತು ಕೂಲಿಯವನ ಕೈಯಲ್ಲಿದೆ. ಹೊಸ ಒಡಂಬಡಿಕೆಯೂ ಇದನ್ನೇ ಹೇಳುತ್ತದೆ. ಕಣ್ಣೆದುರಿನ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ, 1 ಯೋಹಾನ 4:20. ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ, ಯಾಕೋಬ 2:19. ಸಿದ್ಧಾಂತದಲ್ಲಿ ಅವೂ ಪಾಸು.

ಸಾಸಿವೆ ಕಾಳು
ಹಾಗಾದರೆ ಸಮಾಜಸೇವೆ ಮಾಡಿದರೆ ಸಾಕು ಎಂದಾಯಿತು. ಕೃಪೆ ಎಲ್ಲಿ ಹೋಯಿತು ಬ್ರದರ್? ರಕ್ಷಣೆ ಕೃಪೆಯಿಂದ, ನಮ್ಮ ಕೆಲಸಗಳಿಂದಲ್ಲ ಎಂದು ಪೌಲ ಎಫೆಸದವರಿಗೆ ಬರೆದದ್ದು ಮರೆತಿರಾ?

ಬೆರೋಯ
ಮರೆತಿಲ್ಲ. ಕೂಲಿ ಕೊಟ್ಟು ದೇವರನ್ನು ಕೊಂಡುಕೊಳ್ಳಬಹುದು ಎಂದು ನಾನು ಹೇಳಿಲ್ಲ. ಎಫೆಸ 2ರಲ್ಲಿ 8, 9 ಓದಿ ನಿಲ್ಲಿಸಬೇಡಿ, ಒಳ್ಳೆಯ ಕೆಲಸಗಳಿಗಾಗಿಯೇ ನಮ್ಮನ್ನು ಸೃಷ್ಟಿಸಿದ ಎನ್ನುವ 10ನ್ನೂ ಓದಿ. ನಾನು ಹೇಳಿದ್ದು ಗುರುತಿನ ವಿಷಯ. ನನ್ನ ಮನಸ್ಸಿನ ಯೇಸು ನನ್ನನ್ನು ಯಾರ ಹತ್ತಿರವೂ ಕಳಿಸುವುದಿಲ್ಲ, ಯಾರನ್ನೂ ಕ್ಷಮಿಸಲು ಹೇಳುವುದಿಲ್ಲ, ನನ್ನ ಜೇಬನ್ನು ಮುಟ್ಟುವುದೇ ಇಲ್ಲ ಎಂದರೆ ಅವನು ಸುವಾರ್ತೆಯ ಯೇಸು ಅಲ್ಲ.

ಜಪಮಾಲೆ
ಇದಕ್ಕೆ ಒಬ್ಬರೇ ಓದಿಕೊಂಡರೆ ಸಾಲದು ಎಂದು ಸೇರಿಸುತ್ತೇನೆ. ನಮ್ಮ ಕಣ್ಣಿಗೆ ಬೀಳದ್ದನ್ನು ಬೇರೆಯವರು ತೋರಿಸುತ್ತಾರೆ. ಇಲ್ಲೇ ನೋಡಿ, ಸಿಸ್ಟರ್ ಹೇಳಿದ 88ನೇ ಕೀರ್ತನೆಯನ್ನು ನಾನು ಸುಮ್ನೆ ದಾಟಿ ಹೋಗುತ್ತಿದ್ದೆ. ಸಂತ ತೋಮಸ್ ಅಕ್ವಿನಾಸ್ ಅಂಥ ಪಂಡಿತರೇ 1273ರ ಡಿಸೆಂಬರ್‌ನಲ್ಲಿ ಪೂಜೆಯ ಹೊತ್ತಿನ ಒಂದು ಅನುಭವದ ನಂತರ ಬರೆಯುವುದನ್ನೇ ನಿಲ್ಲಿಸಿದರು. ಕಂಡದ್ದರ ಮುಂದೆ ಬರೆದದ್ದೆಲ್ಲ ಒಣಹುಲ್ಲು ಎಂದರಂತೆ. ಆದರೆ ಅವರು ಬರೆದದ್ದನ್ನು ಸುಡಲಿಲ್ಲ, ಸಭೆ ಇಂದಿಗೂ ಓದುತ್ತದೆ. ತಿಳಿದಷ್ಟು ನಿಜ. ತಿಳಿಯದೆ ಉಳಿದದ್ದು ಇನ್ನೂ ಎಷ್ಟೋ.

ಪ್ರಶ್ನಾರ್ಥಕ
ಯೆರೆಮೀಯನ ಆ ಭಾಗ ಈಗ ತಾನೇ ಓದಿದೆ. ನಾನು ನಂಬುವುದಿಲ್ಲ ಎನ್ನುವುದು ಬದಲಾಗಿಲ್ಲ. ಆದರೆ ಇಂಥ ದೇವರ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಒಂದು ಸುವಾರ್ತೆಯನ್ನು ಪೂರ್ತಿ ಓದಬೇಕೆಂದರೆ ಯಾವುದರಿಂದ ಶುರು ಮಾಡಲಿ?

ಸಾಸಿವೆ ಕಾಳು
ಯೋಹಾನ!

ಹಳೇ ಗಂಟೆ
ಮಾರ್ಕ. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು, ಒಂದೇ ಸಲಕ್ಕೆ ಕೂತು ಮುಗಿಸಬಹುದು. ಶಿಷ್ಯರಿಗೆ ಏನೂ ಅರ್ಥವಾಗದೆ ತಡವರಿಸುವುದನ್ನು ಅವನು ಮುಚ್ಚಿಡುವುದಿಲ್ಲ. ನಿಮಗೆ ಅದೇ ಸರಿ. ಹುಡುಕಾಟ ಅವರೂ ಜೊತೆಗೆ ಓದಲಿ.

ಬೆರೋಯ
ಮಾರ್ಕನಿಗೆ ನನ್ನದೂ ಒಪ್ಪಿಗೆ. ಕೊನೆಯ ಅಧ್ಯಾಯದ 9ರಿಂದ 20ನೇ ವಚನಗಳು ನಾಲ್ಕನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಲ್ಲಿ ಇಲ್ಲ. ಅಡಿಟಿಪ್ಪಣಿ ಕಂಡರೆ ಗಾಬರಿಯಾಗಬೇಡಿ, ಅದರ ಬಗ್ಗೆ ಬೇರೆ ಎಳೆ ತೆರೆಯುತ್ತೇನೆ.

ಹುಡುಕಾಟ
ನಾನು ಸಿದ್ಧ. @ಪ್ರಶ್ನಾರ್ಥಕ, ದಿನಕ್ಕೆ ಎರಡು ಅಧ್ಯಾಯ ಆಗಬಹುದಾ? ನಿಮಗೆ ಒಪ್ಪಿಗೆಯಾಗದ ಸಾಲುಗಳನ್ನು ಗುರುತು ಹಾಕಿ ಕಳಿಸಿ, ನಾನೂ ನನ್ನವನ್ನು ಕಳಿಸುತ್ತೇನೆ.

ಪ್ರಶ್ನಾರ್ಥಕ
ಆಗಬಹುದು. ಸೋಮವಾರದಿಂದ.